ಮಲೆನಾಡಿನಲ್ಲೊಂದು ಕೋಳಿ ವ್ಯಾಪಾರ

ಸಾಗರದ ಪೇಟೆಯಲ್ಲಿ ‘ನಾಟಿಕೋಳಿ’ ಎಂಬ ಫಲಕಗಳಿಗೆ ಕೊರತೆಯಿಲ್ಲ. ಪಂಜರದಲ್ಲಿರುವುದು ನಾಟಿಯೋ ಗಿರಿರಾಜವೋ ಎಂದು ಅರಿಯಲು ಮಾತ್ರ ಕಣ್ಣು ಪಳಗಿರಬೇಕು. ಗಿರಿರಾಜವನ್ನು ನಾನು ಹಳಿಯುವವನಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ಮೊಟ್ಟೆಯೂ ಹೆಚ್ಚು, ಮಾಂಸವೂ ಹೆಚ್ಚು. ಕಾವಿಗೆ ಕೂರುವ ಬುದ್ಧಿ ಕಡಮೆ. ಆದರೆ ಬರಲಿದ್ದ ನಂಟರಿಗೆ ಕಡುಬಿನ ಜೊತೆ ಅಂಗಳದಲ್ಲಿ ಕೆದಕಿ ತಿಂದ ಕೋಳಿಯ ಸಾರೇ ಆಗಬೇಕೆಂಬುದು ನಮ್ಮ ಮನೆಯವರ ಹಠ. ಮಿತ್ರರೊಬ್ಬರ ಮಾತು ನಂಬಿ, ಹೊಸನಗರ ದಾಟಿ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆಗೆ ಹೋದೆವು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರವನ್ನು ಹಾದು ಸಾಗರದ ಸೀಮೆಯಲ್ಲಿ ಲಿಂಗನಮಕ್ಕಿಯ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಕೋಳಿಯ ಕಥೆಗೆ ಹೊಳೆಯೇಕೆಂದು ಓದುಗರು ಕೇಳಬಹುದು, ತುಸು ತಾಳಬೇಕು.

ಆ ಮನೆಗೆ ಅಡಕೆತೋಟ, ಮೂರು ಮಲೆನಾಡು ಗಿಡ್ಡ ಹಸು, ಮೂವತ್ತರಷ್ಟು ಕೋಳಿ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಅವು ಗೊಬ್ಬರಗುಂಡಿ, ತೋಟದ ತರಗೆಲೆ, ಗದ್ದೆಯ ಅಂಚುಗಳನ್ನೆಲ್ಲ ಸುತ್ತಿ ಸಂಜೆಗೆ ತಾವೇ ಮರಳುತ್ತವೆ. ಮರಿಗಳಿಗೆಂದು ಮನೆಯ ಸೊಸೆಯು ಗೆದ್ದಲು ಹತ್ತಿದ ಕಟ್ಟಿಗೆಯನ್ನು ತಂದು ಕುಟ್ಟುತ್ತಿದ್ದರು. ಮೇವಿನ ಖರ್ಚು ಅಷ್ಟಕ್ಕಷ್ಟೆ; ನಷ್ಟದ ಲೆಕ್ಕ ಬೇರೆ. ಮೇಲಿನಿಂದ ಗಿಡುಗ, ಬೇಲಿಯಿಂದ ಮುಂಗುಸಿ, ಇವೆರಡನ್ನೂ ಮೀರಿಸಿದ್ದು ಕೊಕ್ಕರೆ ರೋಗ. ಮೂರು ಬೇಸಗೆಗಳ ಹಿಂದೆ ಅದು ಹೊಕ್ಕು ಐದೇ ಕೋಳಿ ಉಳಿದವಂತೆ. ಈಗ ಲಸಿಕೆ ಹಾಕಿಸುತ್ತಾರೆ. ನಾಟಿಕೋಳಿ ದುಬಾರಿಯೆಂದು ಗೊಣಗುವವರು ಸತ್ತವನ್ನೂ ಎಣಿಸಬೇಕು.

ಎರಡು ಹುಂಜ ಕೊಡಲು ಒಪ್ಪಿದರು. ಮೂರನೆಯದು ಚೌಡಿಯ ಹರಕೆಯದು, ಅದರ ಮಾತೆತ್ತುವಂತಿರಲಿಲ್ಲ. ನನ್ನ ಕಣ್ಣು ಬೂದಿಬಣ್ಣದ ಹೇಂಟೆಯೊಂದರ ಮೇಲೆ ಬಿತ್ತು. ಮೊಮ್ಮಗನು ಬೆಲೆಯನ್ನೂ ಹೇಳಿಬಿಟ್ಟ. ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ, “ಅದು ಕೊಡಾದಲ್ಲ ತಮ್ಮಾ” ಎಂದರು. ನಾನು ಇನ್ನೂರು ರೂಪಾಯಿ ಏರಿಸಿದೆ. ಬರೆಯುವಾಗ ಈಗ ನಾಚಿಕೆಯಾಗುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರೇರಿದಾಗ ಅವರು ಹತ್ತು ವರ್ಷದ ಹುಡುಗಿ. ಸಾಗರದ ಕಡೆಯ ಅವರ ಊರು ಮುಳುಗಿತು. ತಂದೆ ಬಾಗಿಲು, ಕಂಬ, ನೇಗಿಲುಗಳನ್ನು ಲಾರಿಗೆ ಹೇರಿದರು. ತಾಯಿಯು ಕಾವಿಗೆ ಕೂತ ಹೇಂಟೆಯನ್ನು ಮೊಟ್ಟೆಸಹಿತ ಬುಟ್ಟಿಯಲ್ಲಿಟ್ಟು, ಅದನ್ನು ಮಡಿಲಲ್ಲಿ ಹಿಡಿದು ಬಂದರು. “ಹದಿಮೂರು ಮೊಟ್ಟೆ. ಏಳು ಮರಿ ಆದವು” ಎಂದರು ಅಜ್ಜಿ. ಮದುವೆಯಾದಾಗ ಆ ಸಂತಾನದ್ದೊಂದು ಅವರ ಜೊತೆ ಈ ಮನೆಗೂ ಬಂತು. ರೋಗದಲ್ಲಿ ಉಳಿದ ಐದರಲ್ಲಿ ಆ ಬಳಿಯದು ಈ ಬೂದಿಹೇಂಟೆ ಒಂದೇ. ಕೋಳಿಗೆ ಅರುವತ್ತು ವರ್ಷದ ವಂಶಾವಳಿ ಬರೆದಿಟ್ಟವರಾರು? ಹಾಗೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಮೊಟ್ಟೆ ಹದಿನೆಂಟಿದ್ದವು. ಅಜ್ಜಿ ಒಂದೊಂದನ್ನೂ ಅಂಗೈಯಲ್ಲಿ ತೂಗಿ ಹನ್ನೊಂದನ್ನು ಕಾವಿಗೆ ತೆಗೆದಿಟ್ಟು, ಏಳನ್ನು ಉಮಿ ತುಂಬಿದ ಡಬ್ಬಿಯಲ್ಲಿ ಹೂತು ಕೊಟ್ಟರು. ಹಣವನ್ನು ಮೊಮ್ಮಗನ ಕೈಗೆ ನೀಡಹೋದೆ. ಕೋಳಿಯ ದುಡ್ಡು ಹೆಂಗಸರದೆಂದು ಅವನು ತಾಯಿಯತ್ತ ತೋರಿಸಿದ.