ಬಿ.ಎ. ಓದುವವನ ಕೊಬ್ಬರಿ ಎಣ್ಣೆ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇದರಿಂದ ಮನೆಯಲ್ಲಿ ನನಗೆ ದೊರೆತಿರುವ ಗೌರವ ನನ್ನ ಯೋಗ್ಯತೆಯನ್ನು ಮೀರಿದ್ದು. ಸೊಸೈಟಿಯ ನೋಟೀಸಿರಲಿ, ಔಷಧದ ಸೀಸೆಯ ಮೇಲಿನ ಚೀಟಿಯಿರಲಿ, ಎಲ್ಲವೂ ನನ್ನ ಮುಂದೆ ಬರುತ್ತವೆ. ನಾನು ಹುಬ್ಬು ಗಂಟಿಕ್ಕಿ ಓದಿ ಏನೋ ಒಂದು ಅಪ್ಪಣೆ ಕೊಡಿಸುತ್ತೇನೆ, ಎಲ್ಲರೂ ತಲೆದೂಗುತ್ತಾರೆ. ಈ ದೊಡ್ಡಸ್ತಿಕೆಯೇ ನನ್ನನ್ನು ಕೆಡಿಸಿತು.

ಅಪ್ಪಯ್ಯನ ಬಳಿ ಒಂದು ಹಳೆಯ ಮಾರುತಿ ಓಮ್ನಿ ಇದೆ. ಆ ಗಾಡಿಯ ತಯಾರಿಕೆಯೇ 2019ರಲ್ಲಿ ನಿಂತುಹೋಯಿತು. ನಮ್ಮದು ಅದಕ್ಕೂ ಬಹಳ ಹಿಂದಿನದು. ಕೊಪ್ಪದ ಸುತ್ತಿನ ಹಳ್ಳಿಗಳಿಗೆ ಬಾಡಿಗೆ ಹೊಡೆದು ನನ್ನ ಫೀಸು ಕಟ್ಟಿದ್ದು ಅದೇ ಗಾಡಿ. ಕಳೆದ ಬೇಸಿಗೆಯಲ್ಲಿ ಅದರ ಎಡಗಡೆಯ ಜಾರುಬಾಗಿಲಿನ ಹಿಡಿ ಬಿಗಿಯಾಯಿತು. ಬಾಡಿಗೆಗೆ ಬಂದವರು ಎರಡೂ ಕೈ ಹಾಕಿ ಎಳೆದು, ಆಮೇಲೆ ಅಪ್ಪಯ್ಯನ ಮುಖ ನೋಡುವರು.

"ಮೇಸ್ತ್ರಿಗೆ ತೋರಿಸ್ತೀನಿ" ಎಂದರು ಅಪ್ಪಯ್ಯ.

ನಾನು ಬಿಡಲಿಲ್ಲ. "ಇದು ಬರೀ ಘರ್ಷಣೆ ಅಪ್ಪಯ್ಯ. ಎಣ್ಣೆ ಬಿಟ್ಟರೆ ಸರಿಹೋಗ್ತದೆ" ಎಂದು ಅಜ್ಜಿ ತಲೆಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯ ಸೀಸೆಯನ್ನು ತಂದು ಸುರಿದೆ. ಹಿಡಿ ಬೆಣ್ಣೆಯಂತೆ ಬಂತು! "ಓದಿದವನು ಹೇಳಿದ ಮೇಲೆ ಸುಳ್ಳಾಗ್ತದಾ?" ಎಂದು ಅಪ್ಪಯ್ಯ ಮೂರು ಮನೆಗೆ ಹೇಳಿಕೊಂಡು ಬಂದರು. ಗಟ್ಟಿಯಾದಾಗಲೆಲ್ಲ ಮತ್ತಷ್ಟು ಸುರಿಯುವುದು ನನ್ನ ಅಭ್ಯಾಸವಾಯಿತು.

ಡಿಸೆಂಬರ್ ಬಂತು. ನಮ್ಮ ಕಡೆಯ ಡಿಸೆಂಬರಿನ ಬೆಳಗು ಹೇಗಿರುತ್ತದೆಂಬುದನ್ನು ಮಲೆನಾಡಿನ ವಾಚಕರಿಗೆ ಹೇಳಬೇಕಾಗಿಲ್ಲ. ಒಂದು ದಿನ ನಸುಕಿನಲ್ಲಿ ಅಜ್ಜಿಗೆ ಉಬ್ಬಸ ಏರಿತು. ಅಪ್ಪಯ್ಯ ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ನಾನು ಓಡಿಹೋಗಿ ಬಾಗಿಲಿನ ಹಿಡಿ ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಹಿಡಿ ಲಟಕ್ಕನೆ ಮುರಿದು ಕೈಗೇ ಬಂತು. ಬಲಗಡೆಯ ಬಾಗಿಲು ಧರೆಗೆ ಒತ್ತಿಕೊಂಡಿತ್ತು. ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಚಳಿ ಹಿಡಿದ ಇಂಜಿನನ್ನು ಎಬ್ಬಿಸಿ, ಗಾಡಿಯನ್ನು ಈಚೆಗೆ ತರುವಷ್ಟರಲ್ಲಿ ಹತ್ತು ನಿಮಿಷವಾಯಿತು. ಆ ಹತ್ತು ನಿಮಿಷ ಇಬ್ಬನಿಯಲ್ಲಿ ಕುಳಿತ ಅಜ್ಜಿಯ ಉಸಿರಿನ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಮುರಿದ ಹಿಡಿಯನ್ನು ಆಸ್ಪತ್ರೆ ಮುಟ್ಟುವವರೆಗೂ ನಾನು ಮುಷ್ಟಿಯಲ್ಲೇ ಹಿಡಿದಿದ್ದೆನಂತೆ.

ಅಜ್ಜಿ ಎರಡು ದಿನದಲ್ಲಿ ಚೇತರಿಸಿಕೊಂಡಳು. ಮೂರನೆಯ ದಿನ ಗಾಡಿ ಗ್ಯಾರೇಜಿಗೆ ಹೋಯಿತು. ಮೇಸ್ತ್ರಿಗಳು ಬಾಗಿಲಿನ ಒಳಹಲಗೆ ಬಿಚ್ಚಿ, ಬೆರಳಿನಿಂದ ಬಿಳಿಯ ಕೆಸರೊಂದನ್ನು ಬಳಿದು ಮೂಸಿ ನೋಡಿದರು.

"ಯಾರ ಕೆಲಸ ಇದು?"

"ಯಾರೋ ಎಣ್ಣೆ ಬಿಟ್ಟಿದ್ರು" ಎಂದರು ಅಪ್ಪಯ್ಯ, ನನ್ನ ಕಡೆ ನೋಡದೆ.

"ನಾನೇ ಬಿಟ್ಟಿದ್ದು" ಎಂದೆ. ಪರೀಕ್ಷೆಯ ಫಲಿತಾಂಶ ನೋಡುವಾಗಲೂ ನನ್ನ ಸ್ವರ ಅಷ್ಟು ಸಣ್ಣದಾಗಿರಲಿಲ್ಲ.

"ಏನು ಬಿ.ಎ. ಸಾಹೇಬ್ರೆ, ಇದು ಬಾಗಿಲೋ ತಲೆಕೂದಲೋ?" ಎಂದು ನಕ್ಕರಾದರೂ ಅವರು ಎಲ್ಲವನ್ನೂ ಬಿಡಿಸಿ ತೋರಿಸಿದರು. ಹಿಡಿ ಎಳೆದರೆ ಸಣ್ಣ ಕಂಬಿಯೊಂದು ಒಳಗಿನ ಕೊಂಡಿಯನ್ನು ಬಿಡಿಸುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಸ್ವಸ್ಥಾನಕ್ಕೆ ತರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುವ ವಸ್ತು. ಬೇಸಿಗೆಯಲ್ಲಿ ಅದು ನಮ್ಮ ರಸ್ತೆಯ ಕೆಂಧೂಳನ್ನೆಲ್ಲ ಬರಮಾಡಿಕೊಂಡಿತ್ತು, ಚಳಿಗೆ ಧೂಳಿನ ಸಮೇತ ಗಟ್ಟಿಯಾಗಿ ಕುಳಿತಿತ್ತು. ಸೀಸೆಯೊಳಗೆ ಅದು ಗಟ್ಟಿಯಾಗುವುದನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೇನೆ. ಬಾಗಿಲೊಳಗೂ ಆದೀತೆಂದು ಹೊಳೆಯಲಿಲ್ಲ, ಅಷ್ಟೆ.

ಮೇಸ್ತ್ರಿಗಳು ಡಬ್ಲ್ಯುಡಿ-40 ಎಂಬ ದ್ರವವನ್ನು ಸಿಂಪಡಿಸಿ ಕೊಳೆಯನ್ನೆಲ್ಲ ಇಳಿಸಿದರು. "ಇದು ತೊಳಿಯೋಕೆ, ತುಕ್ಕು ಬಿಡಿಸೋಕೆ. ಇದನ್ನೇ ನಂಬ್ಕೊಂಡು ಕೂತ್ರೆ ಮತ್ತೆ ಒಣಗ್ತದೆ" ಎಂದರು. (1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದೂಡುವ ದ್ರವವೊಂದು ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಹೆಸರು ಬಂತಂತೆ. ಇಂಗ್ಲಿಷಿನಲ್ಲಿ ಮೂರನೆಯ ಸಲ ನಪಾಸಾದ ನನ್ನ ಗೆಳೆಯನಿಗೆ ಇದನ್ನು ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.) ಒರೆಸಿದ ಮೇಲೆ ಕೊಂಡಿಗೆ ಬಿಳಿಯ ಲಿಥಿಯಂ ಗ್ರೀಸು, ಲೋಹಕ್ಕೆ ಲೋಹ ಉಜ್ಜುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿನ ಹೊಸ ಹಿಡಿಗೂ ಅಂಚಿನ ರಬ್ಬರಿಗೂ ಸಿಲಿಕೋನ್. ಅಲ್ಲಿ ಪೆಟ್ರೋಲಿಯಂ ಗ್ರೀಸು ಹಚ್ಚಿದರೆ ರಬ್ಬರು ಉಬ್ಬುವುದುಂಟು. ಬೀಗದ ಕಿಂಡಿಗೆ ಎಣ್ಣೆಯ ಸೋಂಕೇ ಬೇಡ, ಗ್ರಾಫೈಟ್ ಪುಡಿ ಸಾಕು. ಪುಡಿ ಮುಗಿದಿದ್ದರಿಂದ ಅವರು ನನ್ನ ಜೇಬಿನ ಪೆನ್ಸಿಲ್ ಕಿತ್ತುಕೊಂಡು ಬೀಗದಕೈಗೆ ಚೆನ್ನಾಗಿ ತಿಕ್ಕಿ ಕಿಂಡಿಯಲ್ಲಿ ನಾಲ್ಕು ಸಲ ಆಡಿಸಿದರು. ನನ್ನ ವಿದ್ಯಾಭ್ಯಾಸದ ಸಾಮಗ್ರಿ ಆ ದಿನ ಉಪಯೋಗಕ್ಕೆ ಬಂದದ್ದು ಅಷ್ಟೇ.

ಹಿಂದಿರುಗುವಾಗ ದಾರಿಯುದ್ದಕ್ಕೂ ಅಪ್ಪಯ್ಯ ಮಾತಾಡಲಿಲ್ಲ. ಮನೆ ಮುಟ್ಟಿದ ಮೇಲೆ ಜೇಬಿನಿಂದ ಕರೆಂಟು ಬಿಲ್ಲು ತೆಗೆದು, "ಇದೇನು ನೋಡು ಮಾರಾಯ" ಎಂದು ಎಂದಿನಂತೆ ನನ್ನ ಕೈಗೆ ಕೊಟ್ಟರು. ಅದನ್ನು ಎರಡು ಸಲ ಓದಿದೆ.

ಅಜ್ಜಿ ಮಾತ್ರ ಈಗ ಎಣ್ಣೆಯ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಮೊನ್ನೆ ಆ ಬೀಗ ಬಿಗಿಯಾದಾಗ ಪೆನ್ಸಿಲ್ ತಿಕ್ಕಿ ಸರಿಮಾಡಿಕೊಟ್ಟವನು ನಾನೇ.