ಮೊಬೈಲಿಗೆ ಪ್ರಸ್ತಾರದ ಪಾಠ

ಮೊಬೈಲಿನ ಆ್ಯಪುಗಳನ್ನು ವಾಚಕಮಹಾಶಯರೆಲ್ಲರೂ ಬಲ್ಲರು. ಅಂಥದೊಂದನ್ನು ತಾವೇ ರಚಿಸಬಹುದೆಂದು ಎಣಿಸುವವರು ವಿರಳ. ಸಂಸ್ಕೃತವನ್ನೋದಿ ಉಪಾಧ್ಯಾಯನಾಗಿದ್ದ ನಾನು, ಅರುವತ್ತರ ಪ್ರಾಯದಲ್ಲಿ, ಯಶವಂತನಗರದ ಮನೆಯಲ್ಲಿಯೇ ಕುಳಿತು ಆ ಕೆಲಸವನ್ನು ಆರಂಭಿಸಿರುವೆನು. ನೆರೆಮನೆಯ ಬಾಲಿಕೆಯು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳತಕ್ಕವಳು; ಲಘು-ಗುರುಗಳೆಂದರೆ ಅವಳಿಗೆ ದಿಗಿಲು. ಪದ್ಯದ ಸಾಲನ್ನು ಬರೆದೊಡನೆ ಪ್ರಸ್ತಾರ ಹಾಕಿ ತೋರಿಸುವ ಆ್ಯಪು ಬೇಕೆಂದಳು.

2010ರಲ್ಲಿ ಗೂಗಲ್ ಸಂಸ್ಥೆಯು ಹೊರತಂದು, ಈಗ ಅಮೆರಿಕೆಯ ಎಂ.ಐ.ಟಿ. ವಿದ್ಯಾಲಯವು ನಡೆಸುತ್ತಿರುವ ‘ಆ್ಯಪ್ ಇನ್ವೆಂಟರ್’ ಎಂಬುದು ಹೊಸಬರಿಗೆ ತಕ್ಕ ಸಾಧನ. ಹಣ ತೆರಬೇಕಾದುದಿಲ್ಲ. ಕಂಪ್ಯೂಟರಿನ ಒಂದು ಪುಟದಲ್ಲಿ ಗುಂಡಿ, ಬರೆಯುವ ಚೌಕ ಮುಂತಾದುವನ್ನಿರಿಸಿ, ಇನ್ನೊಂದರಲ್ಲಿ ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಜೋಡಿಸುವುದು. ಸಹಾಯಕ ಆ್ಯಪೊಂದನ್ನು ಮೊಬೈಲಿಗೆ ಹಾಕಿಕೊಂಡರೆ ಫಲವು ಅಲ್ಲಿಯೇ ಕಾಣುವುದು. ಕೋಟ್ಲಿನ್ ಮೊದಲಾದ ಭಾಷೆಗಳನ್ನು ಆಮೇಲೆ ಕಲಿತರಾಯಿತು.

ಸೋಜಿಗವಿದ್ದುದು ಬೇರೆಡೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರವು ಆರೆಂದು ಎಣಿಸಿತು! ಯೂನಿಕೋಡ್ ಪದ್ಧತಿಯಲ್ಲಿ ಸಕಾರ, ತಕಾರ, ರೇಫ, ನಡುವಿನ ಎರಡು ಹಲಂತಚಿಹ್ನೆಗಳು, ದೀರ್ಘದ ಗುರುತು, ಇವಕ್ಕೆಲ್ಲ ಬೇರೆಬೇರೆ ಸಂಖ್ಯೆಗಳುಂಟು. ವೈಯಾಕರಣನಾದರೂ ಇಲ್ಲಿ ನಾಲ್ಕು ವರ್ಣಗಳನ್ನು ಕಾಣುವನಲ್ಲವೆ? ಆದುದರಿಂದ ಹಲಂತಚಿಹ್ನೆ ಬಂದರೆ ಮುಂದಿನ ವ್ಯಂಜನವನ್ನು ಕೂಡಿಸಿಕೊಳ್ಳೆಂದು ಮೊದಲು ಕಲಿಸಬೇಕಾಯಿತು. ದೀರ್ಘವೂ ಅನುಸ್ವಾರ-ವಿಸರ್ಗಗಳೂ ಸುಲಭ. ‘ಅಕ್ಕ’ ಎಂಬಲ್ಲಿ ಮುಂದಿನ ಒತ್ತನ್ನು ನೋಡಿ ಹಿಂದಿನ ಅಕಾರವನ್ನು ಗುರುವೆನ್ನಬೇಕು. ಇದಕ್ಕೆ ಮೂರು ದಿನ ಹಿಡಿಯಿತು. ಮೂವತ್ತು ವರ್ಷ ತರಗತಿಯಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದ ಸೂತ್ರವದು!

‘ಅಮರ್ದು’ ಮುಂತಾದ ಶಿಥಿಲದ್ವಿತ್ವಗಳನ್ನು ತಿಳಿಸುವ ಉಪಾಯವು ಇನ್ನೂ ಹೊಳೆದಿಲ್ಲ. ಹಳಗನ್ನಡದ ಪದ್ಯ ಬಂದರೆ ಬಾಲಿಕೆಯು ಮೊಬೈಲನ್ನು ಬದಿಗಿಟ್ಟು, ಗಟ್ಟಿಯಾಗಿ ಓದಿ, ಕಿವಿಯಿಂದಲೇ ನಿರ್ಣಯಿಸುವಳು.