ಮೊದಲು ಬೀಳುವುದನ್ನು ಕಲಿ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆಗಳು ಒಂದರ ಬೆನ್ನಿಗೆ ಇನ್ನೊಂದು ಆತುಕೊಂಡು ನಿಂತಿವೆ. ಓಣಿಗಳು ಕಿರಿದು. ಬಯಲು ಬೇಕೆಂದರೆ ನೆಹರೂ ಮೈದಾನದ ಕಡೆಗೆ ಹೋಗಬೇಕು. ಶಾಲೆ, ಟ್ಯೂಶನ್ ಮುಗಿಸಿ ಬಂದ ಮಕ್ಕಳಿಗೆ ಅಷ್ಟು ಹೊತ್ತೂ ಇಲ್ಲ, ವಾಹನಗಳ ನಡುವೆ ಅವರನ್ನು ಕಳಿಸಲು ಪಾಲಕರಿಗೆ ಮನಸ್ಸೂ ಇಲ್ಲ. ಹೀಗಾಗಿ ಬೇಸಿಗೆಯಲ್ಲಿ ಸಂಡಿಗೆ, ಮೆಣಸಿನಕಾಯಿ ಒಣಗುವ ಮಾಳಿಗೆಯೇ ಸಂಜೆ ಮಕ್ಕಳ ಮೈದಾನ.

ಇಂಥದೊಂದು ಮಾಳಿಗೆಯಿಂದ ಆರನೆಯ ಇಯತ್ತೆಯ ಹುಡುಗನೊಬ್ಬ ಒಂದು ಸಂಜೆ ಪಕ್ಕದವರ ಮಾಳಿಗೆಗೆ ಜಿಗಿದ. ನಡುವಿನ ಸಂದು ಮೂರಡಿಗಿಂತ ಹೆಚ್ಚಿರಲಿಲ್ಲ. ಕೆಳಗೆ ಮಾತ್ರ ಎರಡು ಅಂತಸ್ತಿನ ಆಳ. ಅಪ್ಪನ ಮೊಬೈಲಿನಲ್ಲಿ 'ಪಾರ್ಕೂರ್' ಎಂಬ ಆಟ ನೋಡಿದ್ದ. ಪರದೇಶದ ತರುಣರು ಗೋಡೆಯಿಂದ ಗೋಡೆಗೆ, ಛಾವಣಿಯಿಂದ ಛಾವಣಿಗೆ ಹಾರುತ್ತ ಓಡುವ ಆಟ. ಹುಡುಗ ಜಿಗಿದದ್ದು ಸರಿಯಾಗಿಯೇ ಜಿಗಿದ. ಆದರೆ ಒಣಗಿದ ಬಟ್ಟೆ ತೆಗೆಯಲು ಬಂದ ಅವ್ವ ನೋಡಿಬಿಟ್ಟಳು. ಆವತ್ತಿನಿಂದ ಮಾಳಿಗೆಯ ಬಾಗಿಲಿಗೆ ಕೀಲಿ ಬಿತ್ತು.

ಎಂಟು ದಿನ ಕಳೆಯುವುದರೊಳಗೆ ಅವನು ಮೆಟ್ಟಿಲಿನಿಂದ ಜಿಗಿಯತೊಡಗಿದ್ದ. ಯಾರೂ ಇಲ್ಲದ ಹೊತ್ತು ನೋಡಿ ಐದನೆಯ ಮೆಟ್ಟಿಲಿನಿಂದ ಕೆಳಗಿನ ಫರಸಿಯ ಮೇಲೆ ಹಿಮ್ಮಡಿ ಊರಿ ಬಿದ್ದವನು ಎರಡು ದಿನ ಕುಂಟಿದ. ಅವ್ವ ಕೇಳಿದರೆ, ಬೂಟು ಕಚ್ಚಿದೆ ಎಂದ. ಪಾಲಕರು ಯೋಚಿಸಬೇಕಾದದ್ದು ಇಲ್ಲಿಯೇ. ಕೀಲಿಯಿಂದ ಜಿಗಿಯುವುದು ನಿಂತಿರಲಿಲ್ಲ. ನೋವಾದರೆ ಮನೆಯಲ್ಲಿ ಹೇಳುವುದು ನಿಂತಿತ್ತು.

ಸುಳ್ಳನ್ನು ಕಂಡುಹಿಡಿದವನು ಸೋದರಮಾವ. ಸ್ಕೂಟರ್ ರಿಪೇರಿ ಮಾಡುವವನು. ಹರೆಯದಲ್ಲಿ ನಾಲ್ಕಾರು ವರ್ಷ ಗರಡಿಮನೆಗೆ ಹೋದವನು. ಹುಡುಗನ ಹಿಮ್ಮಡಿ ಒತ್ತಿ ನೋಡಿ ಅವನು ಬೈಯಲಿಲ್ಲ. "ಜಿಗಿಯೂದು ಎಲ್ಲಾರಿಗೂ ಬರ್ತೈತಿ, ಬೀಳೂದು ಬರೂದಿಲ್ಲ. ಮದ್ಲ ಅದನ್ನ ಕಲಿ" ಎಂದ. ನೋವು ಪೂರ್ತಿ ಹೋಗುವವರೆಗೆ ಮಾತ್ರ ಒಂದು ಜಿಗಿತವೂ ಕೂಡದು ಎಂದು ಆಣೆ ಹಾಕಿಸಿಕೊಂಡ.

ಪಾರ್ಕೂರ್ ಎಂದರೆ ಪುಂಡರ ಹೊಸ ಹುಚ್ಚು ಎಂದುಕೊಳ್ಳುವವರು ಅದರ ಹುಟ್ಟನ್ನು ತಿಳಿದರೆ ಒಳ್ಳೆಯದು. ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಓಡುವುದು, ಹತ್ತುವುದು, ಜಿಗಿಯುವುದು, ಎತ್ತುವುದು ಇವನ್ನೆಲ್ಲ ಕೂಡಿಸಿ ಒಂದು ವ್ಯಾಯಾಮ ಪದ್ಧತಿ ರೂಪಿಸಿದ. ಬಲವಿರುವುದು ಇನ್ನೊಬ್ಬರಿಗೆ ಉಪಯೋಗವಾಗಲು ಎಂಬುದು ಅವನ ನಂಬಿಕೆ. ಫ್ರಾನ್ಸಿನ ಸೈನಿಕರು ಅಡೆತಡೆ ದಾಟಿ ಓಡುವ ತರಬೇತಿಗೆ ಬೇರು ಅಲ್ಲಿದೆ; 'ಪಾರ್ಕೂರ್' ಎಂಬ ಹೆಸರು ಬಂದದ್ದೂ ಆ ಓಟದ ಹಾದಿಯ ಹೆಸರಿನಿಂದ. ಆ ತರಬೇತಿ ಪಡೆದ ರೇಮೊಂ ಬೆಲ್ ಪ್ಯಾರಿಸ್ಸಿನ ಅಗ್ನಿಶಾಮಕ ದಳದಲ್ಲಿದ್ದ. ಅವನ ಮಗ, 1973ರಲ್ಲಿ ಹುಟ್ಟಿದ ಡೇವಿಡ್ ಬೆಲ್, ಲೀಸ್ ಎಂಬ ಊರಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಅದನ್ನೊಂದು ಕಲೆಯಾಗಿ ಬೆಳೆಸಿದ. 2017ರಲ್ಲಿ ಬ್ರಿಟನ್ ಇದನ್ನು ಅಧಿಕೃತ ಕ್ರೀಡೆಯೆಂದು ಮಾನ್ಯ ಮಾಡಿತು. ಬೆಂಕಿ ಆರಿಸುವವರ ಮನೆಯಿಂದ ಬಂದ ವಿದ್ಯೆ ಇದು. ಮೊಬೈಲಿನ ಒಂದು ನಿಮಿಷದ ಚಿತ್ರದಲ್ಲಿ ಕಾಣುವುದು ಕೊನೆಯ ಜಿಗಿತ ಮಾತ್ರ. ಅದರ ಹಿಂದಿನ ವರ್ಷಗಳು ಅಲ್ಲಿ ಇರುವುದಿಲ್ಲ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರುವ 'ಕೋತಿರಾಜ' ಜ್ಯೋತಿರಾಜ್ ಅವರನ್ನು ನೋಡಿ ಚಪ್ಪಾಳೆ ತಟ್ಟುವ ಮಕ್ಕಳಿಗೂ ಇದೇ ಮಾತನ್ನು ಹೇಳಬೇಕು.

ಇನ್ನು ಬೀಳುವ ವಿದ್ಯೆ. ಇದು ಪ್ರೌಢಶಾಲೆಯ ಪಾಠದಲ್ಲೇ ಇದೆ. ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಎಲ್ಲ ವಿದ್ಯಾರ್ಥಿಗಳೂ ಉತ್ತರ ಬರೆಯುತ್ತಾರೆ. ತಮ್ಮ ಮೊಣಕಾಲಿಗೆ ಅದನ್ನು ಹಚ್ಚಿ ನೋಡುವವರು ಕಡಿಮೆ.

ಮೂವತ್ತು ಕಿಲೋ ತೂಕದ ಹುಡುಗ ಅರ್ಧ ಮೀಟರ್ ಎತ್ತರದಿಂದ ಕೆಳಗೆ ಬಂದನೆನ್ನಿ. ನೆಲ ಮುಟ್ಟುವಾಗ ಅವನ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಕಾಲನ್ನು ಸೆಟೆದುಕೊಂಡೇ ಇಳಿದು ಅವನ ದೇಹ 5 ಸೆಂಟಿಮೀಟರಿನಲ್ಲಿ ನಿಂತರೆ, ಕಾಲಿನ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ ಹನ್ನೊಂದು ಪಟ್ಟು, ಅಂದರೆ 330 ಕಿಲೋ ಹೊತ್ತಂತೆ. ಮುಂಗಾಲಿನ ಮೇಲೆ ಇಳಿದು, ಮೊಣಕಾಲು, ಸೊಂಟ ಮಡಿಸುತ್ತ 25 ಸೆಂಟಿಮೀಟರ್ ತಗ್ಗಿ ನಿಂತರೆ ಅದು ಮೂರೇ ಪಟ್ಟು, 90 ಕಿಲೋ. ಎತ್ತರ ಅದೇ, ಹುಡುಗ ಅವನೇ. ಎತ್ತರವನ್ನು ಒಂದು ಮೀಟರಿಗೆ ಏರಿಸಿ ಸೆಟೆದ ಕಾಲಿನಲ್ಲೇ ಇಳಿದರೆ ಮಾತ್ರ ಲೆಕ್ಕ ಇಪ್ಪತ್ತೊಂದು ಪಟ್ಟಿಗೆ ಹೋಗುತ್ತದೆ. ಮಕ್ಕಳ ಹಿಮ್ಮಡಿಯ ಮೂಳೆಯಲ್ಲಿ ಬೆಳೆಯುವ ಭಾಗವೊಂದು ಮೃದ್ವಸ್ಥಿಯಿಂದ ಕೂಡಿರುತ್ತದೆ. ಅದು ಗಟ್ಟಿಯಾಗಿ ಬೆಸೆದುಕೊಳ್ಳುವುದು ಸುಮಾರು 14-15ರ ವಯಸ್ಸಿಗೆ. ಐದನೆಯ ಮೆಟ್ಟಿಲಿನ ಪೆಟ್ಟು ಬಿದ್ದದ್ದು ಆ ಜಾಗಕ್ಕೆ.

ಮಾವ ಇಷ್ಟು ಲೆಕ್ಕ ಮಾಡಲಿಲ್ಲ. ಅಂಗಡಿಯಲ್ಲಿ ಬಿಚ್ಚಿಟ್ಟ ಶಾಕ್ ಅಬ್ಸಾರ್ಬರ್ ತೋರಿಸಿ, "ಮಣಕಾಲ ಅಂದ್ರ ಇದು. ಇದನ್ನ ವೆಲ್ಡಿಂಗ್ ಮಾಡಿ ಗಾಡಿ ಓಡ್ಸಿದ್ರ ಏನಾಕ್ಕೈತಿ?" ಎಂದು ಕೇಳಿದ. ಹುಡುಗ ನಕ್ಕ, ತಿಳಿದುಕೊಂಡ.

ಗರಡಿಯಲ್ಲಿ ಕಲಿತದ್ದೂ ಮಾವನಿಗೆ ಒದಗಿತು. ಅಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸುತ್ತಾರೆ. ಕುಸ್ತಿಗೆ ಮೊದಲು ಪೈಲವಾನರೇ ಸಲಿಕೆ ಹಿಡಿದು ಆ ಮಣ್ಣನ್ನು ಅಗೆದು ಸಡಿಲಿಸುತ್ತಾರೆ. ಬಿದ್ದವನನ್ನು ನೆಲ ಮೆಲ್ಲಗೆ ನಿಲ್ಲಿಸಲಿ ಎಂದು. ಮನೆಯಲ್ಲಿ ಆ ಮಣ್ಣೆಲ್ಲಿ? ಎರಡು ಹತ್ತಿಯ ಗಾದಿ, ಅವುಗಳ ಮೇಲೆ ಅಜ್ಜಿಯ ದಪ್ಪ ಕೌದಿ. ಮೊದಲ ದಿನವೇ ಕೌದಿ ನುಣುಪಾದ ಟೈಲ್ಸಿನ ಮೇಲೆ ಸರ್ರನೆ ಜಾರಿತು. ಮರುದಿನ ಅಡಿಗೆ ಒರಟು ಜಮಖಾನ ಬಂತು, ಒಂದು ಬದಿ ಗೋಡೆಗೆ ಒತ್ತಿಕೊಂಡಿತು. ಗಾದಿ ಇದ್ದದ್ದು ಹೊರಳಾಟಕ್ಕೆ ಮಾತ್ರ. ಅದರ ಮೇಲೆ ಮೇಲಿನಿಂದ ಜಿಗಿದರೆ ಪಾದ ಒಳಗಿಳಿದು ಹರಡು ತಿರುಚುತ್ತದೆ. ಇಳಿಯುವ ಅಭ್ಯಾಸ ಜಮಖಾನದ ಮೇಲೆ, ಬರಿಗಾಲಲ್ಲಿ. ಕಾಲುಚೀಲಕ್ಕೆ ನಿಷೇಧ.

ಮೊದಲ ಹದಿನೈದು ದಿನ ಜಿಗಿತವೇ ಇರಲಿಲ್ಲ. ಪಡಸಾಲೆಯ ಉದ್ದಕ್ಕೂ ಕೈಕಾಲು ಊರಿ ಕರಡಿಯಂತೆ ನಡೆಯುವುದು, ಸುಣ್ಣದ ಕಡ್ಡಿಯಿಂದ ಎಳೆದ ಗೆರೆಯ ಮೇಲೆ ತಪ್ಪದೆ ಹಿಂದಕ್ಕೂ ಮುಂದಕ್ಕೂ ನಡೆಯುವುದು, ಬೈಠಕ್ ಹೊಡೆಯುವುದು. ಆಮೇಲೆ ಹೊರಳುವುದು. ಗಾದಿಯ ಮೇಲೆ ಮೊಣಕಾಲೂರಿ, ಗದ್ದವನ್ನು ಎದೆಗೆ ಒತ್ತಿ, ಒಂದು ಭುಜದಿಂದ ಎದುರಿನ ಸೊಂಟದ ಕಡೆಗೆ ಓರೆಯಾಗಿ. ತಲೆ, ಕುತ್ತಿಗೆಯ ಮೇಲೆ ಭಾರ ಬಿದ್ದರೆ ಆವತ್ತಿನ ಪಾಠ ಅಲ್ಲಿಗೇ ಬಂದ್. ಹುಡುಗನಿಗೆ ಬೇಸರ. "ಮಾಮಾ, ಜಿಗಿಯೂದು ಯಾವಾಗ?" ಎಂದು ದಿನವೂ ಕೇಳುತ್ತಿದ್ದ. ಪಕ್ಕದಲ್ಲಿ ನೋಡುತ್ತ ಕುಳಿತ ಎಂಟು ವರ್ಷದ ತಂಗಿ ಮೂರೇ ದಿನಕ್ಕೆ ಅವನಿಗಿಂತ ಚೆನ್ನಾಗಿ ಹೊರಳಿದಳು. "ಹೆಣ್ಣಹುಡುಗಿಗೆ ಯಾಕ ಬೇಕು ಇದು?" ಎಂದು ಅವ್ವ ಆಕ್ಷೇಪಿಸಿದಾಗ ಮಾವ, "ಬೀಳೂದು ಆಕಿಗೂ ತಪ್ಪೂದಿಲ್ಲಕ್ಕಾ" ಎಂದಷ್ಟೇ ಹೇಳಿದ.

ಮೂರನೆಯ ವಾರ ನೆಲದಿಂದ ನೆಲಕ್ಕೇ ಜಿಗಿತ: ಒಂದು ಗೆರೆಯಿಂದ ಇನ್ನೊಂದು ಗೆರೆಗೆ, ಎರಡೂ ಪಾದ ಕೂಡಿಸಿ, ಇಳಿದಲ್ಲಿಯೇ ಅಲುಗಾಡದೆ ನಿಲ್ಲಬೇಕು. ಅದು ಹತ್ತಕ್ಕೆ ಹತ್ತು ಬಂದ ಮೇಲೆ ಒಂದು ಮೆಟ್ಟಿಲು. ಆಮೇಲೆ ಎರಡು. ಕೈಯೂರಿ ದಾಟಲು ಗೋಡೆಗೆ ಹತ್ತಿಸಿಟ್ಟ ಭಾರವಾದ ಕಟ್ಟಿಗೆಯ ಪೆಟ್ಟಿಗೆ. ಪ್ಲಾಸ್ಟಿಕ್ ಕುರ್ಚಿ, ಟಿ.ವಿ. ಸ್ಟ್ಯಾಂಡ್, ಕಪಾಟುಗಳ ಹತ್ತಿರ ಸುಳಿಯುವಂತಿಲ್ಲ. ಮಕ್ಕಳ ಮೇಲೆ ಮಗುಚುವುದು ಇಂಥವೇ. ಮಾಳಿಗೆಯ ಪ್ಯಾರಾಪೆಟ್ ಗೋಡೆಗೆ ಎಂದೆಂದಿಗೂ ಪರವಾನಗಿ ಇಲ್ಲ. ಮಳೆಗಾಲದ ಪಾಚಿ, ಕೈಗೆಟಕುವಂತೆ ಹಾದುಹೋದ ವಿದ್ಯುತ್ ತಂತಿಗಳಿಗೆ ಯಾವ ಅಭ್ಯಾಸವೂ ಉತ್ತರವಲ್ಲ. ದೊಡ್ಡವರೊಬ್ಬರು ಎದುರಿಗೆ ಇಲ್ಲದಿದ್ದರೆ ಪಾಠವೂ ಇಲ್ಲ. ಇನ್ನೊಂದು ಕರಾರು: ಎಲ್ಲಿ ನೋವಾದರೂ ಅದೇ ಹೊತ್ತಿಗೆ ಹೇಳಬೇಕು, ಹೇಳಿದ್ದಕ್ಕೆ ಯಾರೂ ಬೈಯಬಾರದು. ತಲೆಗೆ ಪೆಟ್ಟು ಬಿದ್ದು ವಾಂತಿಯಾದರೆ, ಮಂಪರು ಬಂದರೆ, ಬಾತ ಕಾಲನ್ನು ಊರಲಾಗದಿದ್ದರೆ ಮನೆಮದ್ದಲ್ಲ, ನೇರ ದವಾಖಾನೆ. ಕರಾರಿನ ಎರಡನೆಯ ಭಾಗ, ಬೈಯಬಾರದೆಂಬುದು, ಅವ್ವನಿಗೆ ಹುಡುಗನ ಪಾಠಕ್ಕಿಂತ ಕಠಿಣವಾಯಿತು.

ಈಗ ದಿನಾಲು ಸಂಜೆ ಮಾವ ಮನೆಯ ಮುಂದಿನ ಒಂದೂವರೆ ಅಡಿಯ ಕಟ್ಟೆಯ ಬಳಿ ಹುಡುಗನಿಗೆ ಬೆನ್ನು ಮಾಡಿ ಕೂಡುತ್ತಾನೆ. ಹುಡುಗ ಕಟ್ಟೆಯಿಂದ ಕೆಳಗೆ ಹಾಸಿದ ಜಮಖಾನದ ಮೇಲೆ ಜಿಗಿಯಬೇಕು. ಸಪ್ಪಳ ಮಾವನ ಕಿವಿಗೆ ಬಿದ್ದರೆ ಆ ಜಿಗಿತ ಲೆಕ್ಕಕ್ಕಿಲ್ಲ. ಮೊದಮೊದಲು ಧಡ್ ಧಡ್ ಎಂದು ಓಣಿಗೆಲ್ಲ ಕೇಳುತ್ತಿತ್ತು. ಮೊನ್ನೆ ಅವ್ವ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾಕೋ, ಜಿಗಿಯೂದು ಬಿಟ್ಟನೇನು?" ಎಂದು ಕೂಗಿ ಕೇಳಿದಳು.

"ಇಲ್ಲಕ್ಕಾ," ಎಂದ ಮಾವ, "ಹನ್ನೆರಡನೇದು ನಡದೈತಿ."